ಅಪ್‌ಡೇಟ್, ಆಡ್‌ಆನ್, ಮಾಡ್: ಎಮ್ಯುಲೇಟರ್‌ನಲ್ಲಿ ಯಾವುದನ್ನು ಎಲ್ಲಿಡಬೇಕು?

ಸ್ವಂತ ಡಿಸ್ಕಿನಿಂದ ತೆಗೆದಿಟ್ಟುಕೊಂಡ ಹಳೆಯ ವಿಡಿಯೊ ಆಟವೊಂದು ಎಮ್ಯುಲೇಟರ್‌ನಲ್ಲಿ, ಅಂದರೆ ಆಟದ ಯಂತ್ರವನ್ನು ಕಂಪ್ಯೂಟರು ಅಥವಾ ಫೋನಿನಲ್ಲಿ ಅನುಕರಿಸುವ ತಂತ್ರಾಂಶದಲ್ಲಿ, ಸರಿಯಾಗಿ ಓಡತೊಡಗಿದ ಒಂದೆರಡು ವಾರಕ್ಕೆ ಮುಂದಿನ ಪ್ರಶ್ನೆ ಎದುರಾಗುತ್ತದೆ. ಆ ಆಟಕ್ಕೆ ಕಂಪನಿಯವರು ಆಮೇಲೆ ಬಿಟ್ಟ ಅಪ್‌ಡೇಟ್, ಹಣ ಕೊಟ್ಟು ಕೊಂಡ ಆಡ್‌ಆನ್, ಅಭಿಮಾನಿಗಳು ತಯಾರಿಸಿದ ಮಾಡ್, ಇವುಗಳನ್ನು ಎಲ್ಲಿ ಮತ್ತು ಯಾವ ಕ್ರಮದಲ್ಲಿ ಸೇರಿಸಬೇಕು? ದಾರಿಗಳು ಮೂರಿವೆ. ಮೊದಲನೆಯದು ಎಮ್ಯುಲೇಟರ್ ತನ್ನೊಳಗೆ ಕಟ್ಟಿಕೊಂಡಿರುವ ಕಲ್ಪಿತ ಹಾರ್ಡ್‌ಡಿಸ್ಕಿಗೆ ಅವನ್ನು ಇನ್‌ಸ್ಟಾಲ್ ಮಾಡುವುದು. ಎರಡನೆಯದು ಮೂಲ ಆಟವನ್ನು ಮುಟ್ಟದೆ, ಬೇರೆ ಫೋಲ್ಡರಿನಲ್ಲಿಟ್ಟು, ಆಟ ಓಡುವಾಗ ಮಾತ್ರ ಮೇಲೊಂದು ಪದರವಾಗಿ ಹೊದಿಸುವುದು. ಮೂರನೆಯದು ಎಲ್ಲವನ್ನೂ ಮೂಲದೊಳಗೇ ಬೆರೆಸಿ ಒಂದೇ ಫೈಲು ಮಾಡಿಬಿಡುವುದು.

ನಮ್ಮ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಿನ್ನು ಚುಚ್ಚಿದ ತೇಪೆ, ಕಚ್ಚಾ ಹೊಲಿಗೆಯ ತೇಪೆ, ಮಷೀನಿನಲ್ಲಿ ಎರಡು ಸಾಲು ಹೊಡೆದ ತೇಪೆ, ಈ ಮೂರೂ ನೋಡಲು ಒಂದೇ ತರಹ ಇದ್ದರೂ ಬಿಚ್ಚುವ ಹೊತ್ತಿಗೆ ಒಂದೇ ಅಲ್ಲ. ಹಲವು ವರ್ಷ ಈ ಮೂರನ್ನೂ ಮಾಡಿ ನೋಡಿದ ಮೇಲೆ ನಾನು ನಿಂತಿರುವ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಅಪ್‌ಡೇಟ್ ಮತ್ತು ಆಡ್‌ಆನ್‌ಗಳಿಗೆ ಮೊದಲನೆಯ ದಾರಿ, ಮಾಡ್‌ಗಳಿಗೆ ಎರಡನೆಯದು. ಮೂರನೆಯದನ್ನು ಬೇರೆ ಉಪಾಯವಿಲ್ಲದಾಗ, ಅದೂ ಮೂಲದ ನಕಲಿನ ಮೇಲೆ ಮಾತ್ರ ಮಾಡಬೇಕು. ಇದಕ್ಕೆ ಅಪವಾದಗಳೂ ಇವೆ, ಅವು ಎಮ್ಯುಲೇಟರ್‌ನಿಂದ ಎಮ್ಯುಲೇಟರ್‌ಗೆ ಬದಲಾಗುತ್ತವೆ.

ಇಲ್ಲಿ ಹೇಳುವುದೆಲ್ಲ ತಮ್ಮದೇ ಡಿಸ್ಕು ಅಥವಾ ತಮ್ಮದೇ ಖಾತೆಯಲ್ಲಿ ಕೊಂಡ ಆಟ ಇರುವವರಿಗಾಗಿ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್, ಕಾನೂನುಬದ್ಧವಾಗಿ ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿ ಹೊಂದಿರುವವನು ಅದು ಹಾಳಾದೀತೆಂಬ ಕಾರಣಕ್ಕೆ ಬ್ಯಾಕಪ್ ಮಾಡಿಕೊಳ್ಳುವುದಕ್ಕೆ ಅವಕಾಶ ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಸೆಕ್ಷನ್ ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣಾ ಬೀಗ ಒಡೆಯುವುದನ್ನು ಅಪರಾಧವೆನ್ನುತ್ತದೆ. ಸಿಕ್ಕಸಿಕ್ಕಲ್ಲಿಂದ ಇಳಿಸಿಕೊಂಡ ಆಟ ಈ ಎರಡರ ನಡುವಿನ ಜಾಗದಲ್ಲೂ ಬರುವುದಿಲ್ಲ.

ಮೂರೂ ಒಂದೇ ಜಾತಿಯ ವಸ್ತುಗಳಲ್ಲ

ಅಪ್‌ಡೇಟ್ ಎಂದರೆ ಆಟ ಮಾಡಿದವರೇ ಕೊಟ್ಟ ತಿದ್ದುಪಡಿ. ಅದು ಸಾಮಾನ್ಯವಾಗಿ ಆಟದ ಮುಖ್ಯ ಪ್ರೋಗ್ರಾಮನ್ನೇ ಬದಲಾಯಿಸುತ್ತದೆ, ಉಚಿತವಾಗಿರುತ್ತದೆ, ಅದಕ್ಕೊಂದು ಆವೃತ್ತಿ ಸಂಖ್ಯೆ ಇರುತ್ತದೆ. ಆಡ್‌ಆನ್, ಅಂದರೆ ಡಿಎಲ್‌ಸಿ, ಹೊಸ ಮಟ್ಟ, ಹೊಸ ಪಾತ್ರ, ಹೊಸ ಉಡುಪುಗಳನ್ನು ತರುತ್ತದೆ. ಅದರ ಜೊತೆಗೆ ಕೊಂಡದ್ದಕ್ಕೆ ಸಾಕ್ಷಿಯಾಗಿ ಪರವಾನಗಿಯ ಫೈಲೂ ಬೇಕಾಗಬಹುದು. ಮಾಡ್ ಮೂರನೆಯವರ ಕೈಕೆಲಸ. ಆ ಹೆಸರು ಕನ್ನಡದ ಕಿವಿಗೆ ‘ಮಾಡು’ ಎಂದೇ ಕೇಳಿಸುವುದರಿಂದ, ಹಿಂದೆಮುಂದೆ ನೋಡದೆ ಹಾಕಿಕೊಂಡವರಿಗೆ ನಮ್ಮ ಗೆಳೆಯರ ಗುಂಪಿನಲ್ಲಿ ‘ಮಾಡಿದ್ದುಣ್ಣೋ ಮಹರಾಯ’ ಎಂದು ಹೇಳುವುದು ವಾಡಿಕೆಯಾಗಿದೆ.

ಈ ಮೂರನ್ನೂ ಕಟ್ಟಿಹಾಕುವ ಹಗ್ಗ ಆಟದ ಗುರುತಿನ ಸಂಖ್ಯೆ. ಪ್ಲೇಸ್ಟೇಷನ್ 3ರ ಡಿಸ್ಕಿನ ಮೇಲೆ ಬಿಎಲ್‌ಇಎಸ್ ಅಥವಾ ಬಿಎಲ್‌ಯುಎಸ್ ಎಂದು ಆರಂಭವಾಗಿ ಐದು ಅಂಕಿಗಳಲ್ಲಿ ಮುಗಿಯುವ ಗುರುತು ಇರುತ್ತದೆ. ಮೊದಲನೆಯದು ಯುರೋಪಿನ ವಿತರಣೆಯದು, ಎರಡನೆಯದು ಅಮೆರಿಕದ್ದು. ನಿಂಟೆಂಡೊದ ವೀ ಯಂತ್ರದ ಆಟಗಳ ಆರು ಅಕ್ಷರಗಳ ಗುರುತಿನಲ್ಲಿ ನಾಲ್ಕನೆಯ ಅಕ್ಷರ ಪ್ರದೇಶವನ್ನು ಹೇಳುತ್ತದೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ಕೈಗೆ ಬಂದ ಡಿಸ್ಕುಗಳಲ್ಲಿ ಎರಡೂ ಪ್ರದೇಶದವು ಬೆರೆತಿರುತ್ತವೆ, ಡಬ್ಬಿಯ ಮೇಲಿನ ಚಿತ್ರ ಮಾತ್ರ ಒಂದೇ. ಯುರೋಪಿನ ಆಟಕ್ಕೆ ಅಮೆರಿಕದ ಅಪ್‌ಡೇಟ್ ಹಾಕಿದರೆ ದೋಷದ ಸಂದೇಶವೇನೂ ಬರುವುದಿಲ್ಲ. ಅದು ತನ್ನ ಪಾಡಿಗೆ ಬೇರೊಂದು ಫೋಲ್ಡರಿನಲ್ಲಿ ಹೋಗಿ ಕೂರುತ್ತದೆ, ಆಟ ಹಳೆಯ ಆವೃತ್ತಿಯಲ್ಲೇ ಓಡುತ್ತದೆ. ‘ಹಾಕಿದೆ, ಏನೂ ಆಗಲಿಲ್ಲ’ ಎಂದು ಬರುವ ದೂರುಗಳಲ್ಲಿ ನಾನು ಕಂಡ ಹೆಚ್ಚಿನವು ಈ ಗುರುತಿನ ತಪ್ಪಿನಿಂದ ಆದವೇ.

ಮೊದಲ ದಾರಿ: ಒಳಗಿನ ಡಿಸ್ಕಿಗೆ ಇನ್‌ಸ್ಟಾಲ್

ಪ್ಲೇಸ್ಟೇಷನ್ 3ಕ್ಕೆ ಆರ್‌ಪಿಸಿಎಸ್3, ವೀಯ ನಂತರ ಬಂದ ವೀ ಯು ಯಂತ್ರಕ್ಕೆ ಸೆಮು, ಈ ಎರಡು ಎಮ್ಯುಲೇಟರ್‌ಗಳೂ ನಿಜವಾದ ಕನ್ಸೋಲು (ಆಟದ ಯಂತ್ರ) ಮಾಡುವುದನ್ನೇ ಮಾಡುತ್ತವೆ: ಅಪ್‌ಡೇಟ್ ಬಂದರೆ ಅದನ್ನು ತಮ್ಮ ಕಲ್ಪಿತ ಡಿಸ್ಕಿನಲ್ಲಿ ಬಿಚ್ಚಿಟ್ಟುಕೊಂಡು, ಆಟ ಶುರುವಾಗುವಾಗ ಮೂಲ ಪ್ರೋಗ್ರಾಮಿನ ಬದಲು ಹೊಸದನ್ನು ಎತ್ತಿಕೊಳ್ಳುತ್ತವೆ. ಆರ್‌ಪಿಸಿಎಸ್3ರಲ್ಲಿ ಫೈಲ್ ಮೆನುವಿನಿಂದ ಪಿಕೆಜಿ ಪ್ಯಾಕೇಜನ್ನು ಆರಿಸಿದರೆ ಅದು ಡೆವ್ ಎಚ್‌ಡಿಡಿ0 ಎಂಬ ಫೋಲ್ಡರಿನೊಳಗಿನ ಗೇಮ್ ಫೋಲ್ಡರಿನಲ್ಲಿ, ಆ ಆಟದ ಗುರುತಿನ ಹೆಸರಿನಡಿ ಬಿಚ್ಚಿಕೊಳ್ಳುತ್ತದೆ. ಕೊಂಡ ಆಡ್‌ಆನ್‌ಗೆ ರಾಪ್ ಎಂಬ ಪುಟ್ಟ ಪರವಾನಗಿ ಫೈಲು ಬೇಕು. ಅದು ಬಳಕೆದಾರನ ಹೋಮ್ ಫೋಲ್ಡರಿನ ಎಕ್ಸ್‌ಡೇಟಾದಲ್ಲಿ ಕೂರುತ್ತದೆ. ಕೆಲವು ಆಟಗಳಿಗೆ ಒಂದೇ ಅಪ್‌ಡೇಟ್ ಸಾಲದು, 1.01ರಿಂದ ಆರಂಭಿಸಿ ಏರುವ ಕ್ರಮದಲ್ಲಿ ಒಂದೊಂದನ್ನೂ ಹಾಕಬೇಕಾಗುತ್ತದೆ. ನಡುವಿನದನ್ನು ಬಿಟ್ಟರೆ, ಒಂದು ಮೆಟ್ಟಿಲು ಕಿತ್ತ ಏಣಿ ಹತ್ತಿದಂತಾಗುತ್ತದೆ.

ಈ ದಾರಿಯ ದೊಡ್ಡ ಗುಣ, ಮೂಲ ಆಟದ ಒಂದು ಬೈಟೂ ಬದಲಾಗದಿರುವುದು. ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಹೀಗೆ ಅಪ್‌ಡೇಟ್ ಬಿಚ್ಚಿಕೊಳ್ಳುತ್ತಿದ್ದಾಗ ಕರೆಂಟು ಹೋಯಿತು. ನನ್ನದು ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪು, ಹಾಗಾಗಿ ಪರದೆಯೂ ಅದರೊಂದಿಗೇ ಆರಿತು. ಮತ್ತೆ ತೆರೆದಾಗ ಆಟದ ಪಟ್ಟಿಯ ಆವೃತ್ತಿಯ ಕಾಲಮಿನಲ್ಲಿ ಹೊಸ ಸಂಖ್ಯೆಯೇ ಕಾಣಿಸುತ್ತಿತ್ತು. ಆವೃತ್ತಿಯನ್ನು ಹೇಳುವ ಚಿಕ್ಕ ಫೈಲು ಮೊದಲೇ ಬಿಚ್ಚಿಕೊಂಡಿತ್ತು, ಅದರ ಹಿಂದೆ ಬರಬೇಕಿದ್ದ ದೊಡ್ಡವು ಅರ್ಧಕ್ಕೆ ನಿಂತಿದ್ದವು. ಆಟ ಮೊದಲ ಲೋಡಿಂಗ್ ಪರದೆಯಲ್ಲೇ ಕಲ್ಲಾಗಿ ಕೂರುತ್ತಿತ್ತು. ಪಟ್ಟಿಯನ್ನು ನಂಬಿ ಎರಡು ಗಂಟೆ ಸೆಟ್ಟಿಂಗು ತಿರುವಿದ ಮೇಲೆ ಆ ಗುರುತಿನ ಫೋಲ್ಡರನ್ನು ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದೆ, ಹತ್ತು ನಿಮಿಷದಲ್ಲಿ ಎಲ್ಲವೂ ಸರಿಹೋಯಿತು. ಮೂಲ ಫೈಲು ಮುಟ್ಟದೆ ಉಳಿದಿದ್ದರಿಂದ ನಷ್ಟ ಆ ಎರಡು ಗಂಟೆಯದ್ದು ಮಾತ್ರ.

ಆದರೆ ಅಳಿಸುವ ಮುನ್ನ ತಿಳಿದಿರಬೇಕಾದ ಒಂದು ಸಂಗತಿ ಇದೆ. ಆರ್‌ಪಿಸಿಎಸ್3ರಲ್ಲಿ ಅಪ್‌ಡೇಟೂ ಆಡ್‌ಆನೂ ಬಹುಪಾಲು ಒಂದೇ ಗುರುತಿನ ಫೋಲ್ಡರಿನಲ್ಲಿ ಬೆರೆತು ಕೂರುತ್ತವೆ. ಅಪ್‌ಡೇಟ್ ಬೇಡವೆಂದು ಫೋಲ್ಡರು ಅಳಿಸಿದರೆ ಆಡ್‌ಆನೂ ಹೋಗುತ್ತದೆ. ಹಾಗಾಗಿ ಅಳಿಸುವ ಬದಲು ಫೋಲ್ಡರನ್ನು ಬೇರೆ ಜಾಗಕ್ಕೆ ಸರಿಸಿ, ಆಟವನ್ನು ಒಮ್ಮೆ ಓಡಿಸಿ ನೋಡುವುದು ಕ್ಷೇಮ. ಸೇವ್ ಫೈಲುಗಳು ಬಳಕೆದಾರನ ಹೋಮ್ ಫೋಲ್ಡರಿನಲ್ಲಿ ಬೇರೆಯಾಗಿ ಇರುವುದರಿಂದ ಅವಕ್ಕೆ ಧಕ್ಕೆಯಿಲ್ಲ. ಸೆಮು ಈ ವಿಷಯದಲ್ಲಿ ಅಚ್ಚುಕಟ್ಟು. ಅದರ ಎಂಎಲ್‌ಸಿ01 ಫೋಲ್ಡರಿನೊಳಗೆ ಮೂಲ ಆಟಗಳು 00050000 ಎಂಬಲ್ಲಿ, ಅಪ್‌ಡೇಟ್‌ಗಳು 0005000ಇ ಎಂಬಲ್ಲಿ, ಆಡ್‌ಆನ್‌ಗಳು 0005000ಸಿ ಎಂಬಲ್ಲಿ ಇರುತ್ತವೆ. ಒಂದನ್ನು ಕಿತ್ತರೆ ಇನ್ನೊಂದು ಅಲುಗುವುದಿಲ್ಲ. ನಿಂಟೆಂಡೊದ ಕೈಯಂತ್ರ 3ಡಿಎಸ್‌ನ ಗುರುತುಗಳಲ್ಲೂ ಇದೇ ಜಾಣತನವಿದೆ: 0004000ಇ ಅಪ್‌ಡೇಟ್, 0004008ಸಿ ಆಡ್‌ಆನ್. ಹುಡುಕುವಾಗ ಕೊನೆಯ ಅಕ್ಷರವನ್ನು ನೆನಪಿಟ್ಟರೆ ಸಾಕು.

ಈ ದಾರಿಯಲ್ಲಿ ತೆರಬೇಕಾದ ಬೆಲೆ ಜಾಗದ್ದು. ಇಳಿಸಿಕೊಂಡ ಪ್ಯಾಕೇಜು ಒಂದು ಕಡೆ, ಅದು ಬಿಚ್ಚಿಕೊಂಡ ರೂಪ ಇನ್ನೊಂದು ಕಡೆ, ಹೀಗೆ ಒಂದೇ ವಸ್ತು ಎರಡು ಸಲ ಕೂರುತ್ತದೆ. ನಿಂಟೆಂಡೊದ ಸ್ವಿಚ್ ಯಂತ್ರದ ಎಮ್ಯುಲೇಟರ್‌ಗಳ ಕಾಲದಲ್ಲಿ ಈ ಭೇದ ಎದ್ದು ಕಾಣುತ್ತಿತ್ತು. ಯುಜು ಅಪ್‌ಡೇಟನ್ನು ತನ್ನ ಕಲ್ಪಿತ ಸಂಗ್ರಹಕ್ಕೆ ನಕಲಿಸಿಕೊಳ್ಳುತ್ತಿತ್ತು, ರ್ಯುಜಿಂಕ್ಸ್ ಫೈಲು ಎಲ್ಲಿದೆಯೋ ಅಲ್ಲಿಂದಲೇ ಓದುತ್ತಿತ್ತು. ಯುಜು 2024ರ ಮಾರ್ಚ್‌ನಲ್ಲಿ ನಿಂಟೆಂಡೊ ಜೊತೆ 24 ಲಕ್ಷ ಡಾಲರಿನ ರಾಜಿಯೊಂದಿಗೆ ಮುಚ್ಚಿತು, ರ್ಯುಜಿಂಕ್ಸ್ ಅದೇ ವರ್ಷ ಅಕ್ಟೋಬರ್‌ನಲ್ಲಿ ನಿಂತಿತು. ವಿಧಾನಗಳ ವ್ಯತ್ಯಾಸ ಮಾತ್ರ ಈಗಲೂ ಪಾಠಕ್ಕೆ ಯೋಗ್ಯ: ನಕಲಿಸಿಕೊಳ್ಳುವ ಕ್ರಮದಲ್ಲಿ ಪೆನ್‌ಡ್ರೈವ್ ಕಿತ್ತರೂ ಆಟ ಓಡುತ್ತದೆ, ಇದ್ದಲ್ಲಿಂದ ಓದುವ ಕ್ರಮದಲ್ಲಿ ಜಾಗ ಉಳಿಯುತ್ತದೆ, ಆದರೆ ಫೈಲು ಕದಲಿದ ದಿನ ಅಪ್‌ಡೇಟೂ ಮಾಯವಾಗುತ್ತದೆ.

ಎರಡನೆಯ ದಾರಿ: ಮೇಲೊಂದು ಪದರ

ಮಾಡ್‌ಗಳ ಮಟ್ಟಿಗೆ ನನ್ನ ಮೆಚ್ಚುಗೆಯ ದಾರಿ ಇದು. ವೀ ಆಟಗಳನ್ನು ಓಡಿಸುವ ಡಾಲ್ಫಿನ್ ಎಮ್ಯುಲೇಟರ್ 2021ರಿಂದ ರಿವೊಲ್ಯೂಷನ್ ಪ್ಯಾಚ್‌ಗಳನ್ನು ನೇರವಾಗಿ ಓದುತ್ತದೆ. ನಿಜವಾದ ವೀ ಯಂತ್ರದಲ್ಲಿ ಡಿಸ್ಕಿನ ಮೇಲೆ ಮಾಡ್ ಹೊದಿಸಲು ಬಳಸುತ್ತಿದ್ದ ವಿಧಾನವೇ ಅದು. ಮಾಡ್‌ನ ಫೈಲುಗಳನ್ನೂ, ಯಾವ ಫೈಲಿನ ಬದಲು ಯಾವುದು ಎಂದು ಹೇಳುವ ಎಕ್ಸ್‌ಎಂಎಲ್ ಪಟ್ಟಿಯನ್ನೂ ಲೋಡ್ ಫೋಲ್ಡರಿನೊಳಗಿನ ರಿವೊಲ್ಯೂಷನ್ ಫೋಲ್ಡರಿನಲ್ಲಿ ಇಟ್ಟು, ಆಟದ ಮೇಲೆ ಬಲ ಕ್ಲಿಕ್ ಮಾಡಿ ರಿವೊಲ್ಯೂಷನ್ ಪ್ಯಾಚ್‌ಗಳೊಂದಿಗೆ ಆರಂಭಿಸಿ ಎಂದರೆ ಆಯಿತು. ಡಿಸ್ಕಿನ ಪ್ರತಿಯನ್ನು ಆರ್‌ವಿಜೆಡ್ ರೂಪಕ್ಕೆ ಕುಗ್ಗಿಸಿಟ್ಟಿದ್ದರೂ ಅಡ್ಡಿಯಿಲ್ಲ. ಆಟವನ್ನು ಮಾಮೂಲಿಯಾಗಿ ತೆರೆದರೆ ಮೂಲ ಆಟ, ಹೀಗೆ ತೆರೆದರೆ ಮಾಡ್ ಹಾಕಿದ ಆಟ. ಮನೆಯಲ್ಲಿ ಅಣ್ಣನಿಗೆ ಮೂಲವೇ ಬೇಕು, ತಮ್ಮನಿಗೆ ಬಣ್ಣ ಬದಲಾದ ಗಾಡಿಗಳೇ ಬೇಕು ಎಂಬ ಜಗಳವಿದ್ದಲ್ಲಿ ಇದಕ್ಕಿಂತ ಒಳ್ಳೆಯ ಪಂಚಾಯಿತಿ ಇಲ್ಲ.

ಸೆಮುದಲ್ಲಿ ಈ ಕೆಲಸ ಮಾಡುವುದು ಗ್ರಾಫಿಕ್ ಪ್ಯಾಕ್‌ಗಳು. ಹೆಸರು ಗ್ರಾಫಿಕ್ ಎಂದಿದ್ದರೂ ಅವು ಕೇವಲ ಚಿತ್ರದ ಗುಣಮಟ್ಟಕ್ಕೆ ಸಂಬಂಧಿಸಿದವಲ್ಲ. ರೂಲ್ಸ್ ಎಂಬ ಪಠ್ಯ ಫೈಲಿನ ಪಕ್ಕದಲ್ಲಿ ಕಂಟೆಂಟ್ ಎಂಬ ಫೋಲ್ಡರಿಟ್ಟರೆ, ಅದರಲ್ಲಿರುವ ಫೈಲುಗಳು ಆಟದ ಅದೇ ಹೆಸರಿನ ಫೈಲುಗಳ ಜಾಗದಲ್ಲಿ ನಿಲ್ಲುತ್ತವೆ; ಪ್ಯಾಕ್‌ನ ಟಿಕ್ ಗುರುತು ತೆಗೆದರೆ ಮೂಲ ಮರಳುತ್ತದೆ. ಎರಡು ಮಾಡ್‌ಗಳು ಒಂದೇ ಫೈಲನ್ನು ಬದಲಾಯಿಸಲು ಹೊರಟಾಗ ಯಾರು ಗೆಲ್ಲಬೇಕೆಂಬುದನ್ನು ರೂಲ್ಸ್ ಫೈಲಿನಲ್ಲಿ ಆದ್ಯತೆಯ ಸಂಖ್ಯೆಯಿಂದ ನಿರ್ಧರಿಸಬಹುದು. ಇದು ಗೊತ್ತಿಲ್ಲದವರು ಹತ್ತು ಮಾಡ್‌ಗಳನ್ನು ಒಟ್ಟಿಗೆ ಹಾಕಿ, ಅವುಗಳಲ್ಲಿ ಮೂರು ಮಾತ್ರ ಕೆಲಸ ಮಾಡುತ್ತಿವೆ ಎಂದು ದೂರುತ್ತಾರೆ. ಒಂದೇ ಕುರ್ಚಿಯಲ್ಲಿ ಹತ್ತು ಜನ ಕೂರಲಾಗುವುದಿಲ್ಲ ಎಂಬುದಷ್ಟೇ ವಿಷಯ.

ಪದರದ ದಾರಿಗೂ ತೊಡಕುಗಳಿವೆ, ಮುಖ್ಯವಾದದ್ದು ಆವೃತ್ತಿಯದು. ಮಾಡ್ ತಯಾರಾದದ್ದು ಆಟದ ಯಾವ ಆವೃತ್ತಿಗೋ ಅದಕ್ಕೆ ಮಾತ್ರ ಅಳತೆ ಕೂಡುತ್ತದೆ. ಆರ್‌ಪಿಸಿಎಸ್3ರ ಪ್ಯಾಚ್ ವ್ಯವಸ್ಥಾಪಕ ಇದನ್ನು ಬಹಳ ಕಟ್ಟುನಿಟ್ಟಾಗಿ ನೋಡಿಕೊಳ್ಳುತ್ತದೆ. ಅದರ ಪ್ರತಿಯೊಂದು ಪ್ಯಾಚೂ ಆಟದ ಪ್ರೋಗ್ರಾಮಿನಿಂದ ಲೆಕ್ಕ ಹಾಕಿದ ಹ್ಯಾಶ್‌ಗೆ, ಅಂದರೆ ಬೆರಳಚ್ಚಿನಂಥ ಸಂಖ್ಯೆಗೆ, ಕಟ್ಟಿಕೊಂಡಿರುತ್ತದೆ. ಅಪ್‌ಡೇಟ್ ಹಾಕಿದ ಕ್ಷಣ ಪ್ರೋಗ್ರಾಮು ಬದಲಾಗಿ ಹ್ಯಾಶೂ ಬದಲಾಗುತ್ತದೆ, ನಿನ್ನೆಯವರೆಗೆ ಕೆಲಸ ಮಾಡುತ್ತಿದ್ದ ಪ್ಯಾಚ್ ಸದ್ದಿಲ್ಲದೆ ಹಿಂದೆ ಸರಿಯುತ್ತದೆ. ಇದು ಎಮ್ಯುಲೇಟರ್‌ನ ದೋಷವಲ್ಲ. ತಪ್ಪು ಜಾಗಕ್ಕೆ ತೇಪೆ ಬೀಳದಂತೆ ಕಾಯುವ ಎಚ್ಚರ. ಪ್ಯಾಚ್‌ಗಳ ಪಟ್ಟಿಯಲ್ಲಿ ಆಟದ ಗುರುತಿನ ಜೊತೆಗೆ ಆವೃತ್ತಿಯೂ ಬರೆದಿರುತ್ತದೆ, ಅದನ್ನು ಓದಿಕೊಳ್ಳುವುದಕ್ಕೆ ಅರ್ಧ ನಿಮಿಷ ಬೇಕು.

ಅಪ್‌ಡೇಟ್‌ನ ಇನ್ನೊಂದು ಪರಿಣಾಮವನ್ನೂ ಇಲ್ಲಿಯೇ ಹೇಳಬೇಕು. ಪ್ರೋಗ್ರಾಮು ಬದಲಾದ ಮೇಲೆ ಆರ್‌ಪಿಸಿಎಸ್3 ಅದನ್ನು ನಮ್ಮ ಪ್ರೊಸೆಸರಿನ ಭಾಷೆಗೆ ಮತ್ತೆ ಮೊದಲಿನಿಂದ ಕಂಪೈಲ್ ಮಾಡುತ್ತದೆ, ಆಗ ಎಲ್ಲ ಕೋರುಗಳೂ ಪೂರ್ತಿ ದುಡಿಯುತ್ತವೆ. ನಲವತ್ತು ಡಿಗ್ರಿ ದಾಟಿದ ಬಳ್ಳಾರಿಯ ಮೇ ತಿಂಗಳ ಮಧ್ಯಾಹ್ನ, ಫ್ಯಾನಿನ ಬಿಸಿ ಗಾಳಿಯ ಕೆಳಗೆ, ಇದನ್ನು ಆರಂಭಿಸಿದರೆ ಲ್ಯಾಪ್‌ಟಾಪು ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸಿ, ಹತ್ತು ನಿಮಿಷದ ಕೆಲಸವನ್ನು ಅರ್ಧ ಗಂಟೆಗೆ ಎಳೆಯುತ್ತದೆ. ನಾನು ಬೇಸಿಗೆಯಲ್ಲಿ ಅಪ್‌ಡೇಟ್‌ಗಳನ್ನು ಬೆಳಗಿನ ಏಳು ಗಂಟೆಯೊಳಗೇ ಮುಗಿಸುತ್ತೇನೆ.

ಚಿತ್ರಗಳನ್ನು ಮಾತ್ರ ಬದಲಾಯಿಸುವ ಟೆಕ್ಸ್‌ಚರ್ ಪ್ಯಾಕ್‌ಗಳು ಪದರಗಳಲ್ಲಿ ಅತಿ ನಿರಪಾಯದವು. ಡಾಲ್ಫಿನ್‌ನಲ್ಲಿ ಲೋಡ್ ಫೋಲ್ಡರಿನೊಳಗೆ ಟೆಕ್ಸ್‌ಚರ್ಸ್, ಅದರೊಳಗೆ ಆಟದ ಗುರುತು. ಪ್ಲೇಸ್ಟೇಷನ್ 2ರ (ಪಿಎಸ್2) ಎಮ್ಯುಲೇಟರ್ ಪಿಸಿಎಸ್‌ಎಕ್ಸ್2ರಲ್ಲಿ ಟೆಕ್ಸ್‌ಚರ್ಸ್, ಅದರೊಳಗೆ ಡಿಸ್ಕಿನ ಕ್ರಮಸಂಖ್ಯೆ, ಅದರೊಳಗೆ ರಿಪ್ಲೇಸ್‌ಮೆಂಟ್ಸ್. ಡಾಲ್ಫಿನ್‌ನಲ್ಲಿ ಎಲ್ಲ ಚಿತ್ರಗಳನ್ನೂ ಮೊದಲೇ ನೆನಪಿಗೆ ತುಂಬಿಕೊಳ್ಳುವ ಆಯ್ಕೆಯೊಂದಿದೆ. 8 ಜಿಬಿ ರ್ಯಾಮ್ ಇರುವವರು ದೊಡ್ಡ ಪ್ಯಾಕಿಗೆ ಅದನ್ನು ಹಚ್ಚಿದರೆ ಇಡೀ ಕಂಪ್ಯೂಟರು ಉಸಿರುಗಟ್ಟುತ್ತದೆ. ಅಂಥವರು ಆ ಆಯ್ಕೆಯನ್ನು ಮುಟ್ಟದಿರುವುದು ಲೇಸು. ಪ್ಯಾಕ್ ಪಿಎನ್‌ಜಿ ಮತ್ತು ಡಿಡಿಎಸ್ ಎಂಬ ಎರಡೂ ಚಿತ್ರ ರೂಪಗಳಲ್ಲಿ ಸಿಗುವುದಾದರೆ ಬೇಗ ಲೋಡ್ ಆಗುವ ಡಿಡಿಎಸ್ ಅನ್ನೇ ಆರಿಸಿಕೊಳ್ಳಬೇಕು.

ಪದರವಿಲ್ಲದ ಕಡೆ

ಮೇಲಿನ ಹೊಗಳಿಕೆ ಆರ್‌ಪಿಸಿಎಸ್3ಕ್ಕೆ ಪೂರ್ತಿ ಅನ್ವಯಿಸುವುದಿಲ್ಲ. ಅದರ ಪ್ಯಾಚ್‌ಗಳು ಓಡುವ ಪ್ರೋಗ್ರಾಮನ್ನು ತಿದ್ದುತ್ತವೆ, ಆದರೆ ಹಾಡು, ಮಾತು, ಮಾದರಿಗಳಂಥ ಫೈಲುಗಳನ್ನೇ ಬದಲಿಸುವ ಮಾಡ್ ಆದರೆ ಸಾಮಾನ್ಯವಾಗಿ ಆಟದ ಫೋಲ್ಡರಿನೊಳಗೆ ಹೋಗಿ ಹಳೆಯದರ ಮೇಲೆ ಹೊಸದನ್ನು ಹಾಕಬೇಕಾಗುತ್ತದೆ. ಇಡೀ ಫೋಲ್ಡರಿನ ನಕಲು ಇಟ್ಟುಕೊಳ್ಳಿ ಎನ್ನುವುದು ಎಲ್ಲರೂ ಕೊಡುವ ಸಲಹೆ. ಪಿಎಸ್3ರ ಬ್ಲೂ-ರೇ ಡಿಸ್ಕು ಒಂದು ಪದರದಲ್ಲಿ 25 ಜಿಬಿ, ಎರಡು ಪದರದಲ್ಲಿ 50 ಜಿಬಿ ಹಿಡಿಯುತ್ತದೆ. 256 ಜಿಬಿಯ ಎಸ್‌ಎಸ್‌ಡಿ ಇಟ್ಟುಕೊಂಡವನಿಗೆ ಆ ಸಲಹೆ ‘ಇನ್ನೊಂದು ಮನೆ ಕಟ್ಟಿಸು’ ಎಂದಂತೆ.

ನಾನು ಮಾಡುವುದು ಇಷ್ಟು. ಮಾಡ್‌ನ ಫೋಲ್ಡರು ತೆರೆದು ಅದರಲ್ಲಿರುವ ಫೈಲುಗಳ ಹೆಸರನ್ನು ನೋಡುತ್ತೇನೆ; ಹನ್ನೆರಡು ಫೈಲಿದ್ದರೆ ಆಟದಿಂದ ಅದೇ ಹನ್ನೆರಡನ್ನು ಮಾತ್ರ, ಅದೇ ಒಳಫೋಲ್ಡರುಗಳ ರಚನೆಯೊಂದಿಗೆ, ‘ಮೂಲ’ ಎಂಬ ಫೋಲ್ಡರಿಗೆ ನಕಲಿಸುತ್ತೇನೆ. ಆಮೇಲೆ ಮಾಡ್ ಹಾಕುತ್ತೇನೆ. ತೆಗೆಯಬೇಕಾದಾಗ ‘ಮೂಲ’ದಲ್ಲಿರುವುದನ್ನು ಹಾಗೇ ಆಟದ ಮೇಲೆ ಸುರಿದರೆ ಎಲ್ಲವೂ ತಂತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ. ಇಪ್ಪತ್ತು ಜಿಬಿಯ ನಕಲಿನ ಬದಲು ಹೆಚ್ಚೆಂದರೆ ಕೆಲವು ನೂರು ಎಂಬಿ. ಮಾಡ್ ಹೊಸದಾಗಿ ಸೇರಿಸುವ, ಮೂಲದಲ್ಲಿ ಇಲ್ಲದ ಫೈಲುಗಳಿದ್ದರೆ ಅವುಗಳ ಹೆಸರನ್ನು ಬೇರೆ ಬರೆದಿಡಬೇಕು, ಇಲ್ಲವಾದರೆ ತೆಗೆದ ಮೇಲೂ ಅವು ಉಳಿದುಕೊಂಡು ಕಾಟ ಕೊಡುತ್ತವೆ.

ಮೂರನೆಯ ದಾರಿ: ಎಲ್ಲವನ್ನೂ ಬೆರೆಸಿ ಒಂದೇ ಫೈಲು

ಹಳೆಯ ಕಾರ್ಟ್ರಿಡ್ಜ್ ಆಟಗಳ ಕಾಲದಿಂದ ಬಂದ ದಾರಿ ಇದು, ಅಂಥ ಆಟಗಳಿಗೆ ಇಂದಿಗೂ ಸರಿ. ಅನುವಾದದ ಮಾಡ್‌ಗಳು ಹೆಚ್ಚಾಗಿ ಐಪಿಎಸ್, ಬಿಪಿಎಸ್, ಎಕ್ಸ್‌ಡೆಲ್ಟಾ ಎಂಬ ಮೂರು ರೂಪಗಳಲ್ಲಿ ಸಿಗುತ್ತವೆ. ಆಯ್ಕೆ ಇದ್ದರೆ ಐಪಿಎಸ್ ಬೇಡ. ಅದರ ವಿಳಾಸಗಳು 24 ಬಿಟ್‌ಗಳವು, ಆದ್ದರಿಂದ 16 ಎಂಬಿ ಆಚೆಗೆ ಅದರ ಕೈ ಚಾಚುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ತನ್ನ ಕೈಗೆ ಕೊಟ್ಟ ಫೈಲು ಸರಿಯಾದದ್ದೋ ಅಲ್ಲವೋ ಎಂದು ಅದು ಪರೀಕ್ಷಿಸುವುದೇ ಇಲ್ಲ, ಯಾವುದನ್ನು ಕೊಟ್ಟರೂ ತಿದ್ದಿಬಿಡುತ್ತದೆ. ಬಿಪಿಎಸ್ ಮೂಲದ ಚೆಕ್‌ಸಮ್ಮನ್ನು, ಅಂದರೆ ಫೈಲಿನಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆಯನ್ನು, ಒಳಗೇ ಇಟ್ಟುಕೊಂಡಿರುವುದರಿಂದ ತಪ್ಪು ಪ್ರತಿಯನ್ನು ಬಾಗಿಲಲ್ಲೇ ತಡೆಯುತ್ತದೆ.

ಡಿಸ್ಕಿನ ಆಟಗಳಲ್ಲಿ ಈ ದಾರಿ ನನಗೆ ಒಂದು ಭಾನುವಾರವನ್ನು ನುಂಗಿದೆ. ಪಿಎಸ್2ರ ಆಟವೊಂದಕ್ಕೆ ಅನುವಾದದ ಮಾಡ್ ಬೆರೆಸಿ ಹೊಸ ಐಎಸ್‌ಒ (ಇಡೀ ಡಿಸ್ಕಿನ ಪ್ರತಿಯ ಫೈಲು) ಮಾಡಿಕೊಂಡು, ಜಾಗ ಉಳಿಸುವ ಆಸೆಗೆ ಮೂಲ ಐಎಸ್‌ಒ ಅಳಿಸಿದ್ದೆ. ಎರಡು ತಿಂಗಳಿಗೆ ಆ ಮಾಡ್‌ನ ಹೊಸ ಆವೃತ್ತಿ ಬಂತು, ತಿದ್ದದ ಮೂಲಕ್ಕೆ ಮಾತ್ರ ಅದು ಕೂಡುತ್ತಿತ್ತು. ಡಿಸ್ಕು ಸಿರುಗುಪ್ಪದ ಗೆಳೆಯನ ಮನೆಯಲ್ಲಿತ್ತು. ಬಸ್ಸು ಹತ್ತಿ ಹೋಗಿ, ಅವನ ತಾಯಿ ಕೊಟ್ಟ ಮಂಡಕ್ಕಿ ಒಗ್ಗರಣೆ ತಿಂದು, ಡಿಸ್ಕು ತಂದು ಮತ್ತೆ ಪ್ರತಿ ತೆಗೆಯುವಷ್ಟರಲ್ಲಿ ಕತ್ತಲಾಗಿತ್ತು. ಆ ಬೆರಕೆಯ ಇನ್ನೊಂದು ತೊಂದರೆ ಆಮೇಲೆ ಹೊಳೆಯಿತು: ಪಿಸಿಎಸ್‌ಎಕ್ಸ್2 ಪ್ನಾಚ್ ರೂಪದ ತನ್ನ ಪ್ಯಾಚ್‌ಗಳನ್ನು ಆಟದ ಪ್ರೋಗ್ರಾಮಿನ ಸಿಆರ್‌ಸಿ ಎಂಬ ತಾಳೆ ಸಂಖ್ಯೆ ನೋಡಿ ಹಚ್ಚುತ್ತದೆ. ಅನುವಾದ ಆ ಪ್ರೋಗ್ರಾಮನ್ನೂ ತಿದ್ದಿದ್ದರಿಂದ ಅಗಲ ಪರದೆಯ ಪ್ಯಾಚ್ ಅಂದಿನಿಂದಲೇ ಕೆಲಸ ನಿಲ್ಲಿಸಿತ್ತು, ನಾನು ಮಾತ್ರ ಟಿವಿಯ ಸೆಟ್ಟಿಂಗನ್ನು ಬೈಯುತ್ತಿದ್ದೆ.

ಬೆರೆಸುವ ದಾರಿಗೆ ಗೌರವ ತಂದದ್ದು ಸೆಮುದ ಡಬ್ಲ್ಯುಯುಎ ರೂಪ. ಮೂಲ ಆಟ, ಅಪ್‌ಡೇಟ್, ಆಡ್‌ಆನ್ ಮೂರನ್ನೂ ಅದು ಒಂದೇ ಕುಗ್ಗಿಸಿದ ಫೈಲಿನಲ್ಲಿ ಕಟ್ಟಿಡುತ್ತದೆ, ಆದರೆ ಒಂದರ ಮೇಲೊಂದು ಅರೆದು ಅಲ್ಲ, ಒಳಗೆ ಬೇರೆ ಬೇರೆಯಾಗಿಯೇ ಇರಿಸಿ. ಅದರ ಮೇಲೆ ಗ್ರಾಫಿಕ್ ಪ್ಯಾಕ್‌ಗಳ ಪದರವೂ ಎಂದಿನಂತೆ ಕೂರುತ್ತದೆ. ಹೊಸ ಅಪ್‌ಡೇಟ್ ಬರುವ ಸಾಧ್ಯತೆ ಇಲ್ಲದ ಯಂತ್ರದ ಆಟಗಳಿಗೆ ಇದು ಒಪ್ಪುವ ಏರ್ಪಾಡು. ಬದಲಾಯಿಸಿದ ಫೈಲು ಓಡುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಎಂಎಲ್‌ಸಿ01ರಲ್ಲಿರುವ ಬಿಡಿ ಪ್ರತಿಗಳನ್ನು ಅಳಿಸಬೇಕು.

ಯಾರಿಗೆ ಯಾವುದು

ಫೋನಿನಲ್ಲಿ ಆಡುವವರದು ಬೇರೆಯೇ ಲೆಕ್ಕ. ಗಂಗಾವತಿಯಲ್ಲಿರುವ ನನ್ನ ಅಕ್ಕನ ಮಗ ಪಿಪಿಎಸ್‌ಎಸ್‌ಪಿಪಿ ಬಳಸುತ್ತಾನೆ. 2012ರಲ್ಲಿ ಬಂದ ಈ ಪಿಎಸ್‌ಪಿ (ಸೋನಿಯ ಕೈಯಂತ್ರ) ಎಮ್ಯುಲೇಟರ್‌ನಲ್ಲಿ ಆಡ್‌ಆನ್‌ಗಳು ಪಿಎಸ್‌ಪಿ ಫೋಲ್ಡರಿನೊಳಗಿನ ಗೇಮ್‌ಗೆ, ಚಿತ್ರಗಳು ಟೆಕ್ಸ್‌ಚರ್ಸ್‌ಗೆ, ಸೇವ್‌ಗಳು ಸೇವ್‌ಡೇಟಾಗೆ ಹೋಗುತ್ತವೆ; ಎಲ್ಲ ಹೆಸರುಗಳೂ ಆಟದ ಗುರುತಿನಿಂದಲೇ ಆರಂಭ. ಅವನು ಅಗ್ಗದ ಎಸ್‌ಡಿ ಕಾರ್ಡಿಗೆ ಟೆಕ್ಸ್‌ಚರ್ ಪ್ಯಾಕನ್ನು ಬಿಚ್ಚಿ ಹಾಕಿದ್ದ. ಸಾವಿರಾರು ಪುಟ್ಟ ಪಿಎನ್‌ಜಿಗಳಾಗಿ ಅದು ಹರಡಿಕೊಂಡು, ಪ್ರತಿ ತಿರುವಿನಲ್ಲೂ ಆಟ ತಡವರಿಸುತ್ತಿತ್ತು. ಈ ಎಮ್ಯುಲೇಟರ್ ಜಿಪ್ ರೂಪದ ಪ್ಯಾಕನ್ನೂ ಓದುತ್ತದೆ ಎಂದು ತಿಳಿಸಿ, ಒಂದೇ ಜಿಪ್ ಆಗಿ ಇಡಿಸಿದ ಮೇಲೆ ಕಾರ್ಡಿನ ಹೆಣಗಾಟ ಕಡಿಮೆಯಾಯಿತು. ಪಿಎಸ್‌ಪಿಯ ಯುಎಂಡಿ ಡಿಸ್ಕು 1.8 ಜಿಬಿ ಮೀರುವುದಿಲ್ಲವಾದ್ದರಿಂದ ಫ್ಯಾಟ್32 ರೂಪದಲ್ಲಿ ಫಾರ್ಮ್ಯಾಟ್ ಆದ ಕಾರ್ಡಿನಲ್ಲಿ ಒಂದು ಫೈಲಿಗಿರುವ 4 ಜಿಬಿ ಮಿತಿ ಅವನನ್ನು ತಡೆಯುವುದಿಲ್ಲ. ವೀ ಆಟದ ಪೂರ್ತಿ ಪ್ರತಿಯನ್ನು ಅಂಥ ಕಾರ್ಡಿಗೆ ಹಾಕಹೊರಟವರನ್ನು ತಡೆಯುತ್ತದೆ. ಅವರು ಎಕ್ಸ್‌ಫ್ಯಾಟ್‌ಗೆ ಬದಲಾಯಿಸಬೇಕು ಅಥವಾ ಆರ್‌ವಿಜೆಡ್ ಮಾಡಿ ಕುಗ್ಗಿಸಬೇಕು.

ಫೋನಿನ ಹಾಟ್‌ಸ್ಪಾಟಿನಲ್ಲಿ ದಿನಕ್ಕೆ ಒಂದೂವರೆ ಎರಡು ಜಿಬಿಯ ಲೆಕ್ಕದಲ್ಲಿ ಬದುಕುವ ಹಾಸ್ಟೆಲಿನ ಹುಡುಗರು ಇಳಿಸಿಕೊಂಡ ಪ್ಯಾಕೇಜನ್ನು, ಇನ್‌ಸ್ಟಾಲ್ ಆದ ಮೇಲೂ, ಅಗ್ಗದ ಹಾರ್ಡ್‌ಡಿಸ್ಕಿನಲ್ಲಿ ಉಳಿಸಿಕೊಳ್ಳಬೇಕು. ಜಾಗ ಮತ್ತೆ ಸಿಗುತ್ತದೆ, ಮೂರು ದಿನದ ಡೇಟಾ ಸಿಗುವುದಿಲ್ಲ. ಅದಕ್ಕೂ ಮಿಗಿಲಾಗಿ, ಆಟ, ಆಡ್‌ಆನ್ ಮಾರುವ ಆನ್‌ಲೈನ್ ಅಂಗಡಿಗಳೇ ಮುಚ್ಚುತ್ತಿವೆ. ವೀ ಅಂಗಡಿ 2019ರ ಜನವರಿ 30ರಂದು ಮುಚ್ಚಿತು, ವೀ ಯು ಮತ್ತು 3ಡಿಎಸ್‌ಗಳಲ್ಲಿ 2023ರ ಮಾರ್ಚ್ 27ರಿಂದ ಹೊಸ ಖರೀದಿ ನಿಂತಿತು, ಎಕ್ಸ್‌ಬಾಕ್ಸ್ 360ರ ಅಂಗಡಿ 2024ರ ಜುಲೈ 29ರಂದು ಬಾಗಿಲೆಳೆಯಿತು. ಕೊಂಡ ಆಡ್‌ಆನ್ ಇನ್ನೂ ಯಂತ್ರದಲ್ಲಿದ್ದರೆ ಈಗಲೇ ತೆಗೆದಿಟ್ಟುಕೊಳ್ಳುವುದು ಜಾಣತನ.

ಹಾಗಿದ್ದರೆ ಪ್ರತಿ ಆಟಕ್ಕೂ ಕಡೆಯ ಅಪ್‌ಡೇಟ್ ಹಾಕಲೇಬೇಕೇ? ಹಾಕಲೇಬೇಕೆಂದು ನನಗೆ ಅನಿಸುವುದಿಲ್ಲ. ಆಡ್‌ಆನ್ ಕೇಳುವ ಕನಿಷ್ಠ ಆವೃತ್ತಿ, ಮಾಡ್ ಕೇಳುವ ನಿಖರ ಆವೃತ್ತಿ, ಕಾಡುತ್ತಿರುವ ದೋಷ ಸರಿಹೋದ ಆವೃತ್ತಿ, ಈ ಮೂರನ್ನು ನೋಡಿ ನಿಲ್ಲಬೇಕು. ಆನ್‌ಲೈನ್ ಪಂದ್ಯಗಳಿಗಾಗಿಯೇ ಬಂದ ಅಪ್‌ಡೇಟ್‌ಗಳು, ಆ ಸರ್ವರ್‌ಗಳು ಮುಚ್ಚಿದ ಮೇಲೆ, ಒಬ್ಬನೇ ಆಡುವವನಿಗೆ ಬರಿಯ ಭಾರ. ಇನ್ನು ಅಪ್‌ಡೇಟ್ ಹಾಕುವ ಮುನ್ನ ಆಟದೊಳಗಿನ ಸೇವ್ ಮಾಡಿಕೊಂಡು ಅದರ ನಕಲಿಡಬೇಕು. ಎಮ್ಯುಲೇಟರ್‌ನ ಸೇವ್ ಸ್ಟೇಟ್ ನಂಬಿದರೆ ಆಗದು, ಏಕೆಂದರೆ ಸ್ಟೇಟ್ ಎನ್ನುವುದು ಆ ಕ್ಷಣದ ನೆನಪಿನ ಅಚ್ಚು. ಹೊಸ ಪ್ರೋಗ್ರಾಮಿನ ಮೇಲೆ ಹಳೆಯ ನೆನಪನ್ನು ಸುರಿದರೆ ಒಂದೋ ಅದು ಬೀಳುತ್ತದೆ, ಇಲ್ಲವೇ ಹಳೆಯ ಪ್ರೋಗ್ರಾಮನ್ನೇ ಮರಳಿ ತಂದು ಅಪ್‌ಡೇಟ್ ಹಾಕಿಯೇ ಇಲ್ಲವೇನೋ ಎಂಬಂತೆ ಓಡುತ್ತದೆ. ಹೊಸ ಆವೃತ್ತಿಯಲ್ಲಿ ಮಾಡಿದ ಸೇವ್ ಹಳೆಯದರಲ್ಲಿ ತೆರೆಯದಿರುವುದೂ ಸಾಮಾನ್ಯ.

ಕ್ರಮ ಹೀಗಿರಲಿ: ಮೊದಲು ಬರಿಯ ಆಟವನ್ನು ಹದಿನೈದು ನಿಮಿಷ ಓಡಿಸಿ ನೋಡುವುದು, ಆಮೇಲೆ ಅಪ್‌ಡೇಟ್, ಆಮೇಲೆ ಆಡ್‌ಆನ್, ಕಡೆಗೆ ಮಾಡ್‌ಗಳು ಒಂದೊಂದಾಗಿ. ಈಗಾಗಲೇ ಹತ್ತಾರು ಮಾಡ್ ಹಾಕಿ ಆಟ ಕೆಟ್ಟಿದ್ದರೆ ಅರ್ಧ ಮಾಡ್‌ಗಳನ್ನು ನಿಲ್ಲಿಸಿ ನೋಡಿ, ತಪ್ಪು ಯಾವ ಅರ್ಧದಲ್ಲಿದೆಯೋ ಅದನ್ನು ಮತ್ತೆ ಅರ್ಧ ಮಾಡಿ. ಹದಿನಾರರಲ್ಲಿ ಕಳ್ಳ ಒಬ್ಬನೇ ಆದರೆ ನಾಲ್ಕು ಸಲಕ್ಕೆ ಸಿಗುತ್ತಾನೆ. ಇದೆಲ್ಲ ನೆನಪಿನಲ್ಲಿ ಉಳಿಯುವುದಿಲ್ಲ. ನನ್ನ ಪ್ರತಿ ಆಟದ ಫೋಲ್ಡರಿನಲ್ಲೂ ‘ಲೆಕ್ಕ’ ಎಂಬ ಪಠ್ಯ ಫೈಲೊಂದಿದೆ. ಸಿರುಗುಪ್ಪದಿಂದ ಮರಳಿದ ರಾತ್ರಿ ಬರೆದ ಮೊದಲ ಲೆಕ್ಕದಲ್ಲಿ ನಾಲ್ಕೇ ಸಾಲುಗಳಿವೆ: ಡಿಸ್ಕಿನ ಕ್ರಮಸಂಖ್ಯೆ, ಮೂಲ ಐಎಸ್‌ಒದ ಚೆಕ್‌ಸಮ್, ಮಾಡ್‌ನ ಆವೃತ್ತಿ, ಕೊನೆಯಲ್ಲಿ ‘ಡಿಸ್ಕು ಈಗ ಯಾರ ಮನೆಯಲ್ಲಿದೆ’ ಎಂಬ ಸಾಲು. ಆ ನಾಲ್ಕನೆಯದನ್ನು ಇದುವರೆಗೆ ಎರಡು ಸಲ ತಿದ್ದಿದ್ದೇನೆ.